ಎರಡು ಬೆರಳಿನ ಅಂಚು

ಬುಧವಾರ ಬೆಳಗಿನಿಂದ ಟೇಲರ್ ಮಾಮ ಒಂದೇ ಪ್ಯಾಂಟಿನ ಕಾಲನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ್ದರು. ಸಂಜೆ ಐದಕ್ಕೆ ಅಂಗಡಿಯ ಎದುರಿನ ಮೈದಾನದಲ್ಲಿ ತಂಗಿಯ ಮಗಳಿಗೆ ಚೆಂಡು ಎಸೆಯಬೇಕಿತ್ತು. ಹನ್ನೊಂದು ವರ್ಷದ ಹುಡುಗಿಗೆ ಚೆಂಡೆಸೆಯುವುದನ್ನು ನೆನೆದರೆ ಐವತ್ತೆರಡು ವರ್ಷದ ಗಂಡಸಿನ ಹೊಲಿಗೆ ಸೊಟ್ಟಗೆ ಓಡುತ್ತದೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು?

ಅವರು ಮಕ್ಕಳ ಬೇಸ್‌ಬಾಲ್ ತಂಡದ ಕೋಚ್ ಆದದ್ದೇ ಒಂದು ಎಡವಟ್ಟು. ಅಂಗಿಗಳ ಬೆನ್ನಿಗೆ ಅಂಕಿ ಹೊಲಿಸಲು ಬಂದ ಹೆತ್ತವರು, "ನೀವೂ ಚಿಕ್ಕವರಿದ್ದಾಗ ಆಡ್ತಿದ್ರಂತಲ್ಲ" ಎಂದು ಅಂಗಿಗಳ ಜೊತೆಗೆ ತಂಡವನ್ನೂ ಅವರ ತಲೆಗೆ ಕಟ್ಟಿ ಹೋದರು. ಆಡಿದ್ದು ನಿಜ, ಹೆಚ್ಚಿನ ಪಾಲು ಬೆಂಚಿನ ಮೇಲೆ. ಆದರೆ ಒಪ್ಪಿಕೊಂಡ ಮೇಲೆ ಅರೆಬರೆ ಕೆಲಸ ಮಾಡುವ ಆಸಾಮಿಯಲ್ಲ ಅವರು. ಮುರಿದ ಹೊಲಿಗೆ ಯಂತ್ರದ ಕಾಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಚೆಂಡು ಕೂರಿಸಿ ಹೊಡೆಯುವುದಕ್ಕೆ ಒಂದು ಗೂಟ ಮಾಡಿದರು. ಮೊದಲು ಗೂಟದ ಮೇಲೆ ಅಲುಗಾಡದೆ ಕೂತ ಚೆಂಡು, ಆಮೇಲೆ ಪಕ್ಕದಲ್ಲಿ ಮಂಡಿಯೂರಿ ಮೆಲ್ಲಗೆ ತೂರಿಕೊಡುವ ಚೆಂಡು, ಕೊನೆಗೆ ಹದಿನೈದು ಹೆಜ್ಜೆ ದೂರದಿಂದ ಎಸೆದ ಚೆಂಡು. "ಮೊದ್ಲು ಕಚ್ಚಾ ಹೊಲಿಗೆ, ಆಮೇಲೆ ಪಕ್ಕಾ" ಎನ್ನುತ್ತಿದ್ದರು.

ಬ್ಯಾಟು ಹಿಡಿದವರ ಹಿಂದೆ ಹಳೆಯ ಕಪ್ಪು ಪರದೆ ಕಟ್ಟಿ, ಅದರ ನಡುವೆ, ಸರಿಯಾದ ಎಸೆತ ಬಂದು ಬೀಳಬೇಕಾದಲ್ಲಿ, ಕೆಂಪು ದಾರದಲ್ಲಿ ಚೌಕ ಹೊಲಿದಿದ್ದರು. ಚೆಂಡಿಗೆ ಟೇಲರ್ ಚಾಕಿನ ಪುಡಿ. ತಪ್ಪಿದ ಚೆಂಡು ಎಲ್ಲಿಂದ ಹೋಯಿತೆಂಬುದಕ್ಕೆ ಪರದೆಯ ಮೇಲಿನ ಬಿಳಿ ಗುರುತೇ ಸಾಕ್ಷಿ. ನಿಂತವರ ಪಾದಗಳ ಸುತ್ತ ಚಾಕಿನ ಗೆರೆ. ಹೆದರಿ ಹಿಂದೆ ಸರಿದರೆ ಗೆರೆ ಅಳಿಸಿಹೋಗುತ್ತದೆ, ಸುಳ್ಳು ಹೇಳುವಂತಿಲ್ಲ.

ಮೂರು ವಾರದ ಹಿಂದೆ ಮಾಮನ ಕೈಜಾರಿದ ಚೆಂಡು ತಂಗಿಯ ಮಗಳ ಮೊಣಕೈಗೆ ಬಡಿದಿತ್ತು. ಮೂಳೆಗೆ ಏನೂ ಆಗಲಿಲ್ಲ. ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿ, ವಾರದಲ್ಲಿ ಇಳಿಯಿತು. ಅವಳು ಮರಳಿ ಬಂದಳು. ಆದರೆ ಬಂದ ಮೇಲೆ ಒಂದೇ ಒಂದು ಎಸೆತವೂ ಅವಳ ಬ್ಯಾಟಿಗೆ ತಾಗಿರಲಿಲ್ಲ. ಶನಿವಾರ ಪಂದ್ಯ. ನಿನ್ನೆ ತಂಗಿ ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದ್ದಳು: "ಅಣ್ಣಾ, ನಾಳೇನೂ ಹೊಡೆಯೋಕೆ ಆಗ್ಲಿಲ್ಲ ಅಂದ್ರೆ ಅಂಗಿ ವಾಪಸ್ ಕೊಟ್ಬಿಡ್ತಾಳಂತೆ. ಸ್ವಲ್ಪ ಧೈರ್ಯ ಹೇಳು. ನಿನ್ನ ಹತ್ರ ಇದ್ರೆ."

ಐದು ಗಂಟೆಗೆ ಹುಡುಗಿ ಬಂದಳು. ಏಳನೇ ನಂಬರಿನ ಅಂಗಿ ಮಡಿಚಿ ಚೀಲದಲ್ಲಿತ್ತು. ಅದರ ಕಾಲರು ಹೊರಗೆ ಇಣುಕುತ್ತಿದ್ದುದನ್ನು ಕಂಡು ಮಾಮ ಒಂದೇ ಚೆಂಡಿಗೆ ಎರಡು ಸಲ ಪುಡಿ ಬಳಿದರು.

ಮೊದಲ ಚೆಂಡು ಎಸೆದರು. ಅವಳು ಕೈ ಚಾಚಿ ಬೀಸಿದಳು, ಸಿಗಲಿಲ್ಲ. ಎರಡನೆಯದೂ ಇಲ್ಲ. ಹತ್ತರ ನಂತರ ಬೀಸುವುದನ್ನೇ ಬಿಟ್ಟಳು.

"ಪಾದ, ಪುಟ್ಟಾ, ಪಾದ! ಹಿಂದೆ ಹಿಂದೆ ಹೋಗ್ತಿದೀಯ!" ಎಂದು ಮಾಮ ಕೂಗಿದರು.

"ಮಾಮಾ, ನನ್ನ ಕಣ್ಣೇ ಕೆಟ್ಟಿದ್ಯಾ?"

ಸಾಲಿನಲ್ಲಿ ಕಾಯುತ್ತಿದ್ದ, ಎಲ್ಲರೂ 'ರೇಡಿಯೊ' ಎಂದೇ ಕರೆಯುವ ಹುಡುಗಿಗೆ ತಡೆಯಲಾಗಲಿಲ್ಲ. "ಕಣ್ಣಲ್ಲ ಕಣೇ! ಮಾಮನ ಚೆಂಡಿಗೆ ಬ್ಯಾಟು ಬೇಡ, ಸೈಕಲ್ಲು ಬೇಕು!"

ನಗು ಎದ್ದಿತು. ಮಾಮ ಎಂದಿನಂತೆ ಪರದೆ ಒರೆಸಲು ಬಟ್ಟೆ ಹಿಡಿದು ಓಡಿದರು. ಉಳಿದವರ ಸರದಿ ಮುಗಿದಾಗ ಗುರುತುಗಳನ್ನು ಎಣಿಸಿ, ಪಾಠ ಹೇಳಿ ಒರೆಸುವವರು, ಇವಳ ಸರದಿಯಲ್ಲಿ ಮಾತ್ರ ಕಣ್ಣು ತಗ್ಗಿಸಿ ಒರೆಸಿಬಿಡುತ್ತಿದ್ದರು. ಇವತ್ತು ಹುಡುಗಿ ಅವರಿಗಿಂತ ಮೊದಲು ತಿರುಗಿದಳು.

ಚೌಕದೊಳಗೆ ಒಂದೂ ಗುರುತಿರಲಿಲ್ಲ. ಅಷ್ಟೂ ಬಿಳಿ ಚುಕ್ಕೆಗಳು ಅವಳಿಂದ ದೂರ, ಪರದೆಯ ಆಚೆ ಅಂಚಿನಲ್ಲಿ, ಅಳತೆ ಹಿಡಿದು ಹೊಲಿದಂತೆ ಸಾಲಾಗಿದ್ದವು.

ಅವಳು ಕೆಳಗೆ ಬಗ್ಗಿ ನೋಡಿದಳು. "ಮಾಮಾ, ನನ್ನ ಗೆರೆ ನೋಡಿ. ಒಂದು ಚೂರೂ ಅಳಿಸಿಲ್ಲ. ಹೆದರ್ತಿರೋದು ನಾನಲ್ಲ."

ಮೂವತ್ತು ವರ್ಷದ ಅಭ್ಯಾಸ ಅದು. ಬಟ್ಟೆ ಕತ್ತರಿಸುವಾಗ ಗೆರೆಯಾಚೆ ಎರಡು ಬೆರಳು ಬಿಡುವುದು. ಹೆಚ್ಚು ಕತ್ತರಿಸಿದ್ದನ್ನು ಮತ್ತೆ ಸೇರಿಸಲಾಗದು, ಬಿಟ್ಟಿದ್ದರೆ ಎಂದಿಗೂ ಅಪಾಯವಿಲ್ಲ. ಮೊಣಕೈ ಊದಿದ ದಿನದಿಂದ ಮಾಮನ ಕೈ ಚೆಂಡಿಗೂ ಅಂಚು ಬಿಡತೊಡಗಿತ್ತು, ಎರಡು ಬೆರಳು ಬೆಳೆದು ಎರಡು ಮೊಳವಾಗಿತ್ತು.

"ಬೇರೆಯವರ ಕೈಲಿ ಎಸೆಸ್ತೀನಿ" ಎಂದರು ಮಾಮ ಮೆಲ್ಲಗೆ.

"ಬೇಡ. ನೀವೇ ಎಸೀಬೇಕು. ಕಚ್ಚಾ ಹೊಲಿಗೆಯಿಂದ ಶುರು ಮಾಡಿ."

ಅವಳೇ ಅಂಗಡಿಗೆ ಓಡಿ, ಅಳತೆಗೆ ಇಟ್ಟುಕೊಂಡಿದ್ದ ತಲೆಯಿಲ್ಲದ ಬೊಂಬೆಯನ್ನು ತಬ್ಬಿಕೊಂಡು ತಂದಳು. ಅದಕ್ಕೆ ಏಳನೇ ನಂಬರಿನ ಅಂಗಿ ತೊಡಿಸಿ ತನ್ನ ಜಾಗದಲ್ಲಿ ನಿಲ್ಲಿಸಿದಳು. ಆಮೇಲೆ ಚಾಕ್ ಹಿಡಿದು, ಎಸೆಯುವಾಗ ಮಾಮನ ಮುಂದಿನ ಹೆಜ್ಜೆ ಎಲ್ಲಿ ಬೀಳಬೇಕೋ ಅಲ್ಲಿ ಪಾದದ ಗೆರೆ ಎಳೆದಳು. "ಇಲ್ಲೇ ಇಡಬೇಕು. ಆಚೆಗೆ ಸರಿದ್ರೆ ಗೊತ್ತಾಗುತ್ತೆ."

ಮಾಮ ಎಸೆದರು. ಅಂಚು. ಮತ್ತೆ ಎಸೆದರು. ಅಂಚು. ಮೂರನೆಯದು ಬೊಂಬೆಯ ಎದೆಗೇ ಬಡಿದು ಅದು ಅಂಗಾತ ಬಿತ್ತು. "ಗಿರಾಕಿ ಹೋದ್ರು!" ಎಂದಿತು ರೇಡಿಯೊ. ಮಾಮನಿಗೆ ನಗು ಬರಲಿಲ್ಲ. ಹುಡುಗಿ ಬೊಂಬೆಯನ್ನು ಎತ್ತಿ ನಿಲ್ಲಿಸಿದಳು. ಹನ್ನೊಂದನೆಯ ಎಸೆತಕ್ಕೆ ಚೌಕದೊಳಗೆ ಒಂದು ಚುಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ನಾಲ್ಕಾದವು.

ಆಗ ಅವಳು ಬೊಂಬೆಯ ಅಂಗಿ ಬಿಚ್ಚಿ, ಎದೆಯ ಮೇಲಿನ ಬಿಳಿ ಗುರುತಿನ ಸಮೇತ ತಾನೇ ತೊಟ್ಟು, ಹೆಲ್ಮೆಟ್ ಸರಿಮಾಡಿಕೊಂಡು ಗೆರೆಯೊಳಗೆ ನಿಂತಳು.

ಮಾಮ ಎಸೆದರು. ಠಣ್ ಎಂದಿತು. ಚೆಂಡು ಬಂದ ದಾರಿಯಲ್ಲೇ ವಾಪಸಾಗಿ ಅವರ ಮಂಡಿಗೆ ಬಡಿಯಿತು. ಅವರು ಕುಸಿದು ಕುಳಿತರು.

"ಮಾಮಾ!" ಅವಳು ಬ್ಯಾಟು ಬಿಸುಟು ಓಡಿ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಮುಖ ಮಾಮನಿಗೆ ಗೊತ್ತಿತ್ತು. ಮೂರು ವಾರದಿಂದ ಅಂಗಡಿಯ ಕನ್ನಡಿಯಲ್ಲಿ ನೋಡುತ್ತಿದ್ದ ಮುಖವೇ ಅದು. ಈಗ ಇಲ್ಲಿಗೇ ನಿಲ್ಲಿಸಿದರೆ ಶನಿವಾರದ ಹೊತ್ತಿಗೆ ಅವಳ ಬ್ಯಾಟೂ ಅಂಚು ಬಿಡಲು ಕಲಿತಿರುತ್ತದೆ.

"ಯಾಕೆ ಬಂದೆ? ಹೋಗು, ನಿನ್ನ ಗೆರೆಯೊಳಗೆ ನಿಲ್ಲು" ಎಂದು ಗದರಿಸಿ, ಮಂಡಿ ಹಿಡಿದುಕೊಂಡೇ ಎದ್ದರು. ಕುಂಟುತ್ತಾ ಹಿಂದೆ ಹೋಗಿ ಚೆಂಡಿಗೆ ಪುಡಿ ಬಳಿದರು. ಮುಂದಿನ ಪಾದವನ್ನು ಅವಳು ಎಳೆದ ಗೆರೆಯ ಮೇಲೆ ಇಟ್ಟರು.

"ಇನ್ನೊಂದು" ಎಂದರು.