ಗಾಳಿ ದಾಟಿತೆಂದು ಓದಿದ ದಿನ

ಎಲೆಯಮ್ಮನ ಬಲಗೈ ಹೆಬ್ಬೆರಳಿಗೆ ತಗಡಿನ ಉಗುರೊಂದಿತ್ತು. ವೀಳ್ಯದೆಲೆ ಚಿವುಟಲು ತಾನೇ ಮಡಚಿ ಮಾಡಿಕೊಂಡದ್ದು. ಬೆಳಗಾದರೆ ನಮ್ಮ ವಿದ್ಯಾರಣ್ಯಪುರದ ಮನೆಯ ಜಗಲಿಗೆ ಬಂದು ಕುಕ್ಕೆ ಇಳಿಸಿ ಎಲೆ ಎಣಿಸುವಾಗ ಆ ಉಗುರು ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದಿಗೇ ನಮ್ಮ ಅತ್ತೆಯವರು ಸುಣ್ಣದ ಡಬ್ಬಿ ಹುಡುಕಲು ಶುರುಮಾಡುತ್ತಿದ್ದರು.

ಐವತ್ತರ ದಶಕದ ಮೊದಲ ವರ್ಷಗಳು. ನಾನು ಹೊಸ ಸೊಸೆ, ಮೆಟ್ರಿಕ್ ಪಾಸಾದವಳೆಂಬ ಜಂಬ ಬೇರೆ. ಎಲೆಯಮ್ಮನಿಗೆ ಅಕ್ಷರ ಬಾರದು. ನಂಜನಗೂಡು ರಸ್ತೆಯ ಪಕ್ಕ ಗಂಡ ನೆಟ್ಟುಹೋದ ಒಂದು ತುಂಡು ಎಲೆತೋಟವೇ ಅವಳ ಸರ್ವಸ್ವ. ಅದರೊಳಗೆ ಚಪ್ಪಲಿ ಮೆಟ್ಟಿ ಬಂದವರನ್ನು ಅಟ್ಟಿಬಿಡುತ್ತಿದ್ದಳು. ಒಮ್ಮೆ ಅಮಲ್ದಾರರಿಗೇ, "ಕಛೇರೀಲಿ ನೀವು ದೊಡ್ಡೋರು ಬುದ್ಧಿ, ಇಲ್ಲಿ ಲಕ್ಷ್ಮಿ ಅವ್ಳೆ, ಮೆಟ್ಟು ಬುಟ್ಟು ಬನ್ನಿ" ಅಂದಿದ್ದಳಂತೆ.

ಎಲೆ ಎಣಿಸಿದ ಮೇಲೆ ದಿನಾ ಒಂದೇ ಪ್ರಶ್ನೆ: "ಗಾಳಿ ಸುದ್ದಿ ಏನಂತದವ್ವ ಪೇಪರು?" ದೀಪಾವಳಿ ಆಸುಪಾಸಿಗೆ ಮದರಾಸಿನ ಕಡೆ ಏಳುವ ಬಿರುಗಾಳಿಯೆಂದರೆ ಅವಳಿಗೆ ಜೀವಭಯ. ಬಳ್ಳಿ ಹಬ್ಬಿಸುವ ಅಗಸೆ ಮರಕ್ಕೆ ಬೇರು ಮೇಲುಮೇಲೆ, ತಲೆ ಭಾರ. ಗಾಳಿಗೆ ಮುಂಚೆ ಕೊಂಬೆ ತರಿದರೆ ಮರ ನಿಲ್ಲುತ್ತದೆ. ಸುಮ್ಮಸುಮ್ಮನೆ ತರಿದರೆ ನೆರಳು ಹೋಗಿ ಚಿಗುರೆಲೆ ಸುಟ್ಟುಹೋಗುತ್ತದೆ.

ಆ ವರ್ಷ ಹಬ್ಬ ಕಳೆದ ವಾರ, ಕುಕ್ಕೆ ಇಳಿಸುವ ಮೊದಲೇ ಕೇಳಿದಳು. "ಮೂಡ್ಲು ಗಾಳಿ ತಿರುಗದೆ ಕಣವ್ವ. ಇರುವೆ ಮೊಟ್ಟೆ ಹೊತ್ಕೊಂಡು ಮರ ಹತ್ತಾವೆ. ಆಳು ಕರ್ಸಿ ಕೊಂಬೆ ತರಿಸ್ಬುಡ್ಲಾ?"

ನಾನು ಪೇಪರು ಬಿಡಿಸಿದೆ. 'ಬಿರುಗಾಳಿಯು ಮದರಾಸು ಕರಾವಳಿಯನ್ನು ದಾಟಿತು' ಎಂದಿತ್ತು. ಗಂಡಾಂತರ ದಾಟಿತು, ಗಡುವು ದಾಟಿತು ಎಂದು ಕೇಳಿ ಬೆಳೆದವಳು ನಾನು. "ದಾಟಿಹೋಯಿತಂತೆ ಬಿಡಿ ಎಲೆಯಮ್ಮ. ಮದರಾಸೆಲ್ಲಿ, ಮೈಸೂರೆಲ್ಲಿ" ಎಂದೆ. ಅವಳು ಮೂಡಲ ಕಡೆ ಒಮ್ಮೆ ನೋಡಿದಳು, ಪೇಪರನ್ನೊಮ್ಮೆ ನೋಡಿದಳು. "ಅಚ್ಚಾಗಿರೋದು ಸುಳ್ಳಾದದಾ? ನನ್ ಮೂಗೇ ಹಾಳಾಗದೆ" ಎಂದು ನಕ್ಕು, ಕೊಸರಿಗೆ ನಾಲ್ಕೆಲೆ ಹೆಚ್ಚಿಗೆ ಇಟ್ಟು ಹೋದಳು.

ಕರಾವಳಿ ದಾಟುವುದೆಂದರೆ ಕಡಲು ಬಿಟ್ಟು ನೆಲಕ್ಕೆ, ನಮ್ಮ ಕಡೆಗೇ ಬರುವುದೆಂದು ನನಗೆ ಕಲಿಸಿದ್ದು ಮಾರನೆಯ ದಿನದ ಗಾಳಿ. ಮಧ್ಯಾಹ್ನ ಹಿಡಿದ ಗಾಳಿಮಳೆ ಎರಡು ದಿನ ಬಿಡಲಿಲ್ಲ. ಮೂರನೆಯ ಬೆಳಿಗ್ಗೆ ಜಗಲಿಯಲ್ಲಿ ಟಿಕ್ ಟಿಕ್ ಸದ್ದಿಲ್ಲ. ಮನೆಯಲ್ಲಿ ಹೇಳದೆಯೇ ತೋಟಕ್ಕೆ ಓಡಿದೆ. ಅಗಸೆ ಮರಗಳು ಸಾಲಿಗೆ ಸಾಲೇ ಮಲಗಿದ್ದವು. ಬಳ್ಳಿಗಳು ಬುಡಸಮೇತ ಕಿತ್ತುಬಂದು ಕೆಸರುನೀರಿನಲ್ಲಿ ಬಿದ್ದಿದ್ದವು. ಆಚೆ ಹೊಲದಲ್ಲಿ ಕೊಯ್ದು ಹಾಸಿದ್ದ ರಾಗಿ ತೆನೆಯಲ್ಲೇ ಮೊಳಕೆ ಬಿಡುತ್ತಿತ್ತು. ಎಲೆಯಮ್ಮ ಬದುವಿನ ಮೇಲೆ ಕೂತಿದ್ದಳು. ನಾನು ಅವಸರದಲ್ಲಿ ಚಪ್ಪಲಿ ಮೆಟ್ಟಿಕೊಂಡೇ ತೋಟದೊಳಗೆ ಬಂದುಬಿಟ್ಟಿದ್ದೆ. ಅವಳು ನನ್ನ ಕಾಲು ನೋಡಿದಳು. ಮತ್ತೆ ಬಿದ್ದ ಮರಗಳ ಕಡೆಗೆ ತಿರುಗಿದಳು.

"ದಾಟಿ ಇತ್ತಗೇ ಬಂತು ಕಣವ್ವ" ಎಂದಳು.

ನಾನು ಅಳತೊಡಗಿದೆ. "ಅಳಬ್ಯಾಡ. ಇದ್ದದ್ದನ್ನ ಇದ್ದಂಗೆ ಓದ್ದೆ, ನೀನೇನ್ ಮಾಡೀಯೆ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಬೈದು ಅಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಪೇಟೆಯಿಂದ ಎಲೆ ಕೊಂಡುತಂದು ಮಾರಿದಳು. ಚಿವುಟುವ ಕೆಲಸವಿಲ್ಲದ ಮೇಲೆ ತಗಡಿನ ಉಗುರು ಯಾಕೆ? ಹೆಬ್ಬೆರಳು ಬರಿದಾಗಿತ್ತು. ಗಾಳಿ ಸುದ್ದಿಯನ್ನು ಮಾತ್ರ ಮತ್ತೆಂದೂ ಕೇಳಲಿಲ್ಲ. ಅವಳು ಬರುವ ಹೊತ್ತಿಗೆ ನಾನು ಪೇಪರನ್ನು ಒಳಗೆ ಬಚ್ಚಿಡುತ್ತಿದ್ದೆ.

ಎರಡು ವರ್ಷಕ್ಕೆ ಹೋಗಿಬಿಟ್ಟಳು. ಮಣ್ಣಿಗೆ ಒಯ್ಯುವ ಮುಂಚೆ ಬಾಯಿಗೆ ಎಲೆಅಡಿಕೆ ಇಡಲು ಅವಳ ಮಗಳು ನನ್ನನ್ನೂ ಕರೆದಳು. ಚಪ್ಪಲಿ ಬೀದಿಯಲ್ಲೇ ಬಿಟ್ಟು ಒಳಗೆ ಹೋದೆ. ಊರಿಗೆಲ್ಲ ಚಿಗುರೆಲೆ ತಿನ್ನಿಸಿದವಳ ಬಾಯಿಗೆ ಯಾರದೋ ತೋಟದ ಬಾಡಿದ ಎಲೆ ಇಟ್ಟು ಬಂದೆ.

ಇವತ್ತಿಗೂ ಯಾರಾದರೂ ಪೇಪರಿನಲ್ಲಿ ಏನಿದೆಯೆಂದು ಕೇಳಿದರೆ, ನೀವೇ ಓದಿಕೊಳ್ಳಿ ಎಂದು ಕೈಗೆ ಕೊಟ್ಟುಬಿಡುತ್ತೇನೆ. ಎಲೆಯಮ್ಮನಿಗೆ ಹಾಗೆ ಕೊಡುವಂತಿರಲಿಲ್ಲ. ಅವಳು ನನ್ನನ್ನು ನಂಬಿದ್ದಳು.