ಮೊಲಗಳ ಮಣ್ಣಿನ ಟಬ್ಬು

ಉಪ್ಪಲ್ ಬಡಾವಣೆಯ ನಮ್ಮ ಮನೆಯಲ್ಲಿ ತಂಗಿ ಎರಡು ಮೊಲ ಸಾಕಿದ್ದಳು. ಹರೆಯಕ್ಕೆ ಬಂದ ಮೇಲೆ ಅವು ಹಾಸಿಗೆ ಕೆದರಿ, ವೈರು ಕಡಿಯತೊಡಗಿದವು. ಅವಳು ಬೈಯಲಿಲ್ಲ. ದಿನಾ ಸಂಜೆ ಟಬ್ಬಿನ ಹಸಿ ಮಣ್ಣಿನಲ್ಲಿ ಕೊತ್ತಂಬರಿ ದಂಟು ಹುಗಿದಿಟ್ಟು, ಕಡಿಯಲು ಪೇರಲ ಕಡ್ಡಿ ಕೊಡುತ್ತಿದ್ದಳು.

"ಅವಕ್ಕ ಕೆಲಸ ಕೊಟ್ರ ಮನಿ ಉಳೀತದ, ಅಣ್ಣಾ," ಎನ್ನುತ್ತಿದ್ದಳು.

ಪರೀಕ್ಷೆಗೆಂದು ಅವಳು ಕಲಬುರಗಿಗೆ ಹೋದಾಗ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಹುಲ್ಲು ಹಾಕಿ ಮ್ಯಾಚು ನೋಡುತ್ತ ಕೂತೆ.

"ದಂಟು ಹುಗದಿಯೇನು?" ಎಂದು ಫೋನಿನಲ್ಲಿ ಕೇಳಿದಳು.

"ಹ್ಞೂಂ, ಹುಗದೀನಿ," ಎಂದೆ.

ಮರುದಿನ ಒಂದು ಮೊಲ ಕೂಲರಿನ ವೈರು ಕಡಿದು ಸತ್ತಿತು.

ಬಂದವಳು ಅಳಲಿಲ್ಲ. ಟಬ್ಬಿನ ಮಣ್ಣಿಗೆ ಬೆರಳಿಟ್ಟು ನೋಡಿದಳು. ಅದು ಒಣಗಿ ಗಟ್ಟಿಯಾಗಿತ್ತು.

"ನಿನಗ ಭಾಳ ಕೆಲಸ ಇತ್ತು ಅನಸ್ತದ, ಅಣ್ಣಾ," ಎಂದಳು.

ಮುಂದೆ ಊರಿಗೆ ಹೋಗುವಾಗಲೆಲ್ಲ ಉಳಿದ ಮೊಲವನ್ನು ಟಬ್ಬಿನ ಸಮೇತ ಪಕ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು.