ಒಂದೇ ಡಿಸ್ಕಿಗೆ ಹಿಡಿಸಬೇಕು

ನಮ್ಮ ಬಂದರು ಊರಿನ ಲಾ ಪಾಜ್ ಮಾರುಕಟ್ಟೆಯ ಹಿಂಬದಿಯಲ್ಲಿ ತೆರ್ಯೋನ ಅಂಗಡಿ. ಊರವರ ಬಾಯಲ್ಲಿ ಅವನು ಮನೊಂಗ್, ಅಂದರೆ ಅಣ್ಣ. ಮೊದಲು ಟೀವಿ ರಿಪೇರಿ ಮಾಡುತ್ತಿದ್ದವನು, ಆಮೇಲೆ ಟೀವಿ ಕಾರ್ಯಕ್ರಮಗಳನ್ನು ರೆಕಾರ್ಡು ಮಾಡಿ ಡಿವಿಡಿಗೆ ಇಳಿಸಿಕೊಡಲು ಕುಳಿತ. ಗಿರಾಕಿಗಳೆಲ್ಲ ಹಡಗಿನಲ್ಲಿ ದುಡಿಯುವವರ ಹೆಂಡಿರು ಮಕ್ಕಳು. ಹಡಗಿನ ಊಟದ ಕೋಣೆಯಲ್ಲಿ ಟೀವಿ ಒಂದೇ, ಕಟ್ಟಳೆಯೂ ಒಂದೇ: ಒಬ್ಬರಿಗೆ ಒಂದು ಡಿಸ್ಕು, ಮುಗಿದರೆ ಸರದಿ ಮುಂದಿನವನದು. ಹಾಗಾಗಿ ಎಲ್ಲವನ್ನೂ ಒಂದೇ ಡಿಸ್ಕಿಗೆ ತುರುಕಬೇಕು, ಚಿತ್ರವೂ ಕೆಡಬಾರದು. ಇದು ತೆರ್ಯೋನಿಗೆ ಮಾತ್ರ ಆಗುತ್ತಿತ್ತು.

ಹೇಗೆ ಅಂತೀರಾ? ಕತ್ತರಿ! ಜಾಹೀರಾತು ಹೋಯಿತು, ಶೀರ್ಷಿಕೆ ಗೀತೆ ಹೋಯಿತು, ನಿನ್ನೆಯ ಕಥೆ ಮತ್ತೆ ಹೇಳುವುದೂ ಹೋಯಿತು. ಜಾಗ ಉಳಿದಷ್ಟೂ ಚಿತ್ರ ತಿಳಿ; ಬಲವಂತವಾಗಿ ಒತ್ತಿದರೆ ನಾಯಕಿಯ ಮುಖವೆಲ್ಲ ಚೌಕ ಚೌಕ. ಪರದೆಯಲ್ಲಿ ನಾಲ್ಕು ಚುಕ್ಕಿ ಸುರಿದರೂ ಸಾಕು, ಆಂಟೆನಾ ತಿರುಗಿಸಲು ಸೂರು ಹತ್ತುತ್ತಿದ್ದ. ಚುಕ್ಕಿಗಳೂ ಡಿಸ್ಕಿನ ಜಾಗ ತಿನ್ನುತ್ತವಂತೆ!

ಅವನಿಗೆ ಮೈಯೆಲ್ಲ ಉರಿಯುತ್ತಿದ್ದುದು ಹಾಡಿನ ಸ್ಪರ್ಧೆಗಳನ್ನು ಕಂಡರೆ. ನಮ್ಮ ಜನಕ್ಕೆ ಮೈಕು ಸಿಕ್ಕರೆ ಕೇಳಬೇಕೇ? ಅಮ್ಮನಿಗೆ ಹಲೋ, ಚಿಕ್ಕಮ್ಮನಿಗೆ ಹಲೋ, ಬೀದಿಯ ಮುಖಂಡನಿಗೂ ಒಂದು ಹಲೋ. ಹಾಡು ಆಮೇಲೆ. ಶುದ್ಧ ಕಸ ಎಂದು ಗೊಣಗುತ್ತ ತೆರ್ಯೋ ಕಚಕ್ಕನೆ ಕತ್ತರಿಸುತ್ತಿದ್ದ.

ಹೊಲಿಗೆಯ ಫೆಲಿಸಾಳ ಗಂಡ ದಾಂತೆ ಹಡಗಿನಲ್ಲಿ ಅಡುಗೆಯವ. ಮಗಳು ರೋಸೆಲ್ ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಕೊನೆಯ ಸುತ್ತಿನವರೆಗೆ ಹೋಗಿ ಸೋತಿದ್ದಳು. ಅಪ್ಪ ಒಂದು ಸುತ್ತನ್ನೂ ನೋಡಿರಲಿಲ್ಲ. ನೆರೆಮನೆಯವನೊಬ್ಬ ಅದೇ ಹಡಗು ಸೇರಲು ಅಂದು ಸಂಜೆಯೇ ಹೊರಡುವವನಿದ್ದ. ಡಿಸ್ಕು ಅವನ ಕೈಗೆ ಸೇರಲೇಬೇಕು, ತಪ್ಪಿದರೆ ಮತ್ತೆ ಯಾರು ಹೋಗುತ್ತಾರೋ ದೇವರೇ ಬಲ್ಲ.

ಮಧ್ಯಾಹ್ನ ತಾಯಿ ಮಗಳು ಬಂದರು. ತೆರ್ಯೋ ಡಿಸ್ಕು ಹಾಕಿ ಬೀಗಿದ. "ನೋಡು ಫೆಲಿಸಾ, ನಿನ್ ಮಗಳ ಅಂಗಿ ಮೇಲಿನ ಮಣಿ ಎಣಿಸ್ಬೋದು!"

ಫೆಲಿಸಾಳ ಮುಖ ಸಪ್ಪಗಾಯಿತು. "ಮನೊಂಗ್, ಇವಳು ಅವರಪ್ಪನ್ನ ಮಾತಾಡ್ಸಿದ್ದು ಎಲ್ಲಿ?"

"ಆ ಹಲೋ ಪುರಾಣಾನಾ? ತೆಗ್ದೆ."

"ತೆಗೆದ್ರಾ!" ರೋಸೆಲ್ ಕಿರುಚಿದಳು. "ಅಯ್ಯೋ ಮನೊಂಗ್, ನಾನು ಅಲ್ಲಿಗೆ ಹೋಗಿದ್ದೇ ಅದಕ್ಕೆ! ಗೆಲ್ಲೋಷ್ಟು ಹಾಡೋಕೆ ನಂಗೆಲ್ಲಿ ಬರತ್ತೆ?"

"ಅದು ತೀರ್ಪುಗಾರರಿಗೂ ಗೊತ್ತಾಯ್ತಲ್ಲ," ಅಂದವನು ನಾಲಿಗೆ ಕಚ್ಚಿಕೊಂಡ.

ಫೆಲಿಸಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಹಾಡು ಯಾರು ಬೇಕಾದ್ರೂ ಹಾಡ್ತಾರೆ. ಅವರಿಗೆ ಬೇಕಾಗಿರೋದು ಮಗಳು ಅಪ್ಪಾ ಅಂತ ಕೂಗೋದು."

ಪುಣ್ಯಕ್ಕೆ ಮೂಲ ರೆಕಾರ್ಡು ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಆದರೆ ಹಲೋಗಳನ್ನೂ ಸೇರಿಸಿದರೆ ಚಿತ್ರ ಕೆಡದೆ ಡಿಸ್ಕಿಗೆ ಹಿಡಿಸದು.

"ನನ್ ಹಾಡು ಅರ್ಧಕ್ಕೇ ನಿಲ್ಸಿ," ಎಂದಳು ರೋಸೆಲ್.

"ಹಾಡು ಅರ್ಧಕ್ಕೆ ಕಡಿಯೋನು ಕಟುಕ, ನಾನಲ್ಲ!"

ಇವನ ಮಾನದ ಪ್ರಶ್ನೆ ಬೇರೆ. ತಲೆ ಕೆರೆದುಕೊಳ್ಳುತ್ತ ಹಲೋಗಳನ್ನು ಮೊದಲ ಸಲ ಪೂರ್ತಿ ಕೇಳಿದ. "ಅಪ್ಪಾ, ಅಮ್ಮ ಮಾಡೋ ಬಾಚೊಯ್ ಸೂಪು ಬಾಯಿಗಿಡೋಕಾಗಲ್ಲ. ಬೇಗ ಬಾ," ಎಂದಳು ಪರದೆಯ ರೋಸೆಲ್. ತೆರ್ಯೋ ಪಕ್ಕನೆ ನಕ್ಕ, ಮರುಕ್ಷಣ ಅದನ್ನೇ ಹಿಂದಕ್ಕೆ ಸರಿಸಿ ಇನ್ನೊಮ್ಮೆ ಹಾಕಿದ.

ಆಮೇಲೆ ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಹಾಡುಗಳನ್ನೆಲ್ಲ ಬಿಗಿಯಾಗಿ ಒತ್ತಿ, ಉಳಿದ ಜಾಗವನ್ನು ಹಲೋಗಳಿಗೆ ಧಾರಾಳವಾಗಿ ಸುರಿದ. ಹಾಡುವಾಗ ಹುಡುಗಿಯ ಮುಖ ಚೌಕ ಚೌಕ; ಅಪ್ಪಾ ಎನ್ನುವಾಗ ಕಣ್ಣಿನ ರೆಪ್ಪೆಯೂ ಕಾಣುತ್ತದೆ. ಡಿಸ್ಕು ಹೊತ್ತಿಗೆ ಸರಿಯಾಗಿ ನೆರೆಯವನ ಚೀಲ ಸೇರಿತು. ಅಂಗಡಿಯ ಹೆಸರಿನ ಚೀಟಿಯನ್ನು ಮಾತ್ರ ತೆರ್ಯೋ ಅದರ ಮೇಲೆ ಅಂಟಿಸಲಿಲ್ಲ.

ಕೆಲವು ವಾರದ ಮೇಲೆ ಫೆಲಿಸಾ ಮೊಬೈಲು ಹಿಡಿದು ಓಡಿಬಂದಳು. "ಮನೊಂಗ್, ನಮ್ಮನೆಯವರು. ನಿಮ್ಮತ್ರಾನೇ ಮಾತಾಡ್ಬೇಕಂತೆ."

ತೆರ್ಯೋ ಫೋನು ಕಿತ್ತುಕೊಂಡು, ಕ್ಷೇಮ ಸಮಾಚಾರವನ್ನೂ ಕೇಳದೆ ಶುರು ಮಾಡಿದ. "ದಾಂತೆ, ಹಾಡಲ್ಲಿ ಚಿತ್ರ ಒಂಚೂರು ಒಡೆದಿದೆ, ಬೈಕೋಬೇಡಪ್ಪ. ಮಾತಾಡೋ ಕಡೆ ಆದ್ರೂ ಸ್ಪಷ್ಟವಾಗಿ ಕಾಣ್ತಾ?"

ಆಚೆ ಕಡೆ ಮೂಗು ಏರಿಸಿದ ಸದ್ದು.

"ಚಿತ್ರ ಯಾರು ನೋಡಿದ್ರು ಮನೊಂಗ್? ಅವಳು ಅಪ್ಪಾ ಅಂದಿದ್ದೇ ತಡ, ಕಣ್ಣು ತುಂಬ್ಕೊಂಡ್ಬಿಡ್ತು. ಕೊನೇವರೆಗೂ ನಂಗೇನೂ ಕಾಣ್ಲೇ ಇಲ್ಲ."